ಆಫೀಸ್ ಮ್ಯಾನೇಜರ್‌ಗಳಿಗೆ: ಕೆಲಸ ಒಪ್ಪಿಸುವುದು ಹೇಗೆ?

‘ಕೈಕೆಳಗೆ ನಾಲ್ಕು ಜನ ಇದ್ದಾರೆ. ಆದರೂ ರಾತ್ರಿ ಎಂಟರವರೆಗೆ ಕೂತು ಎಲ್ಲ ನಾನೇ ಮಾಡ್ತಿದ್ದೀನಿ. ಕೆಲಸ ಹಂಚೋದು ಹೇಗೆ?’ ಆಫೀಸ್ ಮ್ಯಾನೇಜರ್ ಆಗಿರುವ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇದೆ. ಕೇಳುವವರಲ್ಲಿ ತುಂಬ ಜನ ಅಕೌಂಟ್ಸ್‌ನಿಂದಲೋ ರಿಸೆಪ್ಷನ್‌ನಿಂದಲೋ ಮೇಲೆ ಬಂದವರು. ಕೆಲಸ ಚೆನ್ನಾಗಿ ಮಾಡುತ್ತಾರೆ ಅಂತಲೇ ಬಡ್ತಿ ಸಿಕ್ಕಿದೆ. ಬೇರೆಯವರಿಂದ ಕೆಲಸ ಮಾಡಿಸುವುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಇಪ್ಪತ್ತರಿಂದ ಅರವತ್ತು ಜನ ಇರುವ ಆಫೀಸನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಥ ಕಡೆ ಮ್ಯಾನೇಜರ್ ಒಬ್ಬರೇ ಟೀ ಪುಡಿಯಿಂದ ಹಿಡಿದು ಪಿಎಫ್ ಚಲನ್‌ವರೆಗೆ ಎಲ್ಲದಕ್ಕೂ ಉತ್ತರ ಹೇಳಬೇಕು. ಜೊತೆಗೆ ಇರುವವರು ಒಬ್ಬ ಅಕೌಂಟ್ಸ್ ಅಸಿಸ್ಟೆಂಟ್, ರಿಸೆಪ್ಷನ್‌ನಲ್ಲಿ ಒಬ್ಬರು, ಒಬ್ಬ ಆಫೀಸ್ ಬಾಯ್, ಏಜೆನ್ಸಿಯಿಂದ ಬರುವ ಹೌಸ್‌ಕೀಪಿಂಗ್‌ನವರು, ಅಷ್ಟೇ.

ಮೊದಲೇ ಒಂದು ಮಾತು. ನಾವು ಸಾಮಾನ್ಯವಾಗಿ ಓಡಾಟವನ್ನು ಕೊಡುತ್ತೇವೆ, ತೀರ್ಮಾನವನ್ನು ಕೈಯಲ್ಲೇ ಇಟ್ಟುಕೊಳ್ಳುತ್ತೇವೆ. ‘ಪ್ರಿಂಟರ್ ಟೋನರ್ ತರಿಸಿ’ ಅಂತ ಹೇಳುತ್ತೇವೆ. ಯಾವ ಅಂಗಡಿ, ಎಷ್ಟು ದುಡ್ಡು, ಒರಿಜಿನಲ್ಲಾ ರೀಫಿಲ್ಲಾ ಎಂದು ಅವರು ಮೂರು ಸಲ ನಮ್ಮ ಹತ್ತಿರ ಬರುತ್ತಾರೆ. ಮೂರನೇ ಸಲಕ್ಕೆ ‘ಬಿಡಿ, ನಾನೇ ಮಾಡ್ತೀನಿ’ ಅನ್ನುತ್ತೇವೆ. ತಪ್ಪು ಅವರದಲ್ಲ. ಎಲ್ಲಿಯವರೆಗೆ ತಾವೇ ನಿರ್ಧರಿಸಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ. ಕೆಳಗಿನ ಎಲ್ಲ ಹಂತಗಳ ಗುರಿ ಇದೊಂದೇ: ಕೆಲಸದ ಜೊತೆಗೆ ತೀರ್ಮಾನವನ್ನೂ ಒಪ್ಪಿಸುವುದು.

ಶುರು ಮಾಡುವ ಮುಂಚೆ ಬೇಕಾದದ್ದು ಕಡಿಮೆ: ಒಂದು ನೋಟ್‌ಬುಕ್, ಎಲ್ಲರೂ ನೋಡಬಹುದಾದ ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್, ಮತ್ತೆ ನಿಮ್ಮ ಬಾಸ್‌ನ ಒಪ್ಪಿಗೆ. ಕೊನೆಯದನ್ನು ಬಿಡಬೇಡಿ. ‘ಇಷ್ಟು ಮೊತ್ತದವರೆಗಿನ ಖರೀದಿಯನ್ನು ಇನ್ನು ಮೇಲೆ ಇವರೇ ನೋಡಿಕೊಳ್ಳುತ್ತಾರೆ’ ಎಂದು ಮೊದಲೇ ಒಂದು ಮೇಲ್ ಹಾಕಿಡಿ. ಇಲ್ಲದಿದ್ದರೆ ಮೊದಲ ಬಿಲ್ಲಿಗೇ ‘ಯಾರನ್ನ ಕೇಳಿ ತಂದ್ರಿ?’ ಎಂಬ ಮಾತು ಬರುತ್ತದೆ. ಆಮೇಲೆ ಆ ವ್ಯಕ್ತಿ ಯಾವ ಕೆಲಸವನ್ನೂ ಧೈರ್ಯವಾಗಿ ಮುಟ್ಟುವುದಿಲ್ಲ.

ಹಂತ 1: ಎರಡು ವಾರ ಎಲ್ಲವನ್ನೂ ಬರೆಯಿರಿ

ನೀವು ಮಾಡುವ ಪ್ರತಿ ಕೆಲಸವನ್ನೂ ಬರೆಯಿರಿ. ಐದು ನಿಮಿಷದ್ದನ್ನೂ ಬಿಡಬೇಡಿ. ನೀರಿನ ಕ್ಯಾನಿನವರಿಗೆ ಫೋನ್, ಕೊರಿಯರ್ ಎಲ್ಲಿಗೆ ಬಂತು ಎಂದು ನೋಡುವುದು, ಮೀಟಿಂಗ್ ರೂಮ್ ಜಗಳ ಬಿಡಿಸುವುದು, ಎಸಿ ಮೆಕ್ಯಾನಿಕ್‌ಗೆ ಕಾಯುವುದು. ಒಂದೊಂದರ ಮುಂದೆ ಎಷ್ಟು ಹೊತ್ತು ಹಿಡಿಯಿತು, ಆ ಕೆಲಸ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಹಾಕಿ.

ಎರಡು ವಾರದಲ್ಲಿ ಕಾಣದ ಕೆಲಸಗಳೂ ಇರುತ್ತವೆ. ತಿಂಗಳ ತಾರೀಕುಗಳನ್ನು ಬೇರೆಯಾಗಿ ಬರೆಯಿರಿ. ಟಿಡಿಎಸ್, ಅಂದರೆ ಪಾವತಿ ಮಾಡುವಾಗಲೇ ಹಿಡಿದುಕೊಂಡ ಆದಾಯ ತೆರಿಗೆ, ಕಟ್ಟಲು ಮುಂದಿನ ತಿಂಗಳ 7 (ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30). ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಾದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿಗೆ 20. ಪಿಎಫ್ ಮತ್ತು ಇಎಸ್‌ಐ (ನೌಕರರ ವಿಮೆ) 15. ಕರ್ನಾಟಕದ ವೃತ್ತಿ ತೆರಿಗೆ 20. ಇವುಗಳ ಜೊತೆ ಕರೆಂಟ್ ಬಿಲ್, ಇಂಟರ್ನೆಟ್, ಬಾಡಿಗೆ. ವರ್ಷಕ್ಕೊಮ್ಮೆ ಬರುವ ಎಎಂಸಿಗಳೂ ಇರುತ್ತವೆ. ಎಎಂಸಿ ಅಂದರೆ ಎಸಿ, ಯುಪಿಎಸ್, ಲಿಫ್ಟ್‌ನಂಥವನ್ನು ವರ್ಷವಿಡೀ ನೋಡಿಕೊಳ್ಳಲು ಮಾಡಿಕೊಳ್ಳುವ ಒಪ್ಪಂದ. ಆಯುಧಪೂಜೆಯನ್ನೂ ಬರೆಯಿರಿ. ಅದೂ ಕೆಲಸವೇ, ಅದರಲ್ಲೂ ಒಪ್ಪಿಸಲು ಬಹಳ ಒಳ್ಳೆಯ ಕೆಲಸ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಹಂತ 2: ಮೂರು ಗುಂಪು ಮಾಡಿ

ಮೊದಲ ಗುಂಪು: ಯಾರಿಗೂ ಕೊಡಬಾರದ ಕೆಲಸಗಳು. ಸಂಬಳದ ಮಾತುಕತೆ, ಒಬ್ಬರ ಮೇಲಿನ ಶಿಸ್ತು ಕ್ರಮ, ಯಾರದಾದರೂ ಖಾಸಗಿ ಸಮಸ್ಯೆ. ಲೈಂಗಿಕ ಕಿರುಕುಳದ ದೂರಂತೂ ಖಂಡಿತ ಈ ಗುಂಪಿನದು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಇದಕ್ಕೆ ಆಂತರಿಕ ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ದೂರಿನ ವಿವರ ಹೊರಗೆ ಹೋಗುವಂತಿಲ್ಲ. ಆ ಕಾಗದವನ್ನು ‘ಟೈಪ್ ಮಾಡಿಕೊಡಿ’ ಎಂದು ರಿಸೆಪ್ಷನ್‌ಗೆ ಕೊಡುವುದೂ ತಪ್ಪೇ.

ಎರಡನೇ ಗುಂಪು: ತಯಾರಿ ಅವರದು, ಕೊನೆಯ ಒಪ್ಪಿಗೆ ನಿಮ್ಮದು. ಪಿಎಫ್, ಟಿಡಿಎಸ್, ಸಪ್ಲೈಯರ್‌ಗಳ ಪಾವತಿ, ಹಾಜರಾತಿ ಪಟ್ಟಿ ಇಲ್ಲಿ ಬರುತ್ತವೆ.

ಮೂರನೇ ಗುಂಪು: ಪೂರ್ತಿ ಕೊಡಬಹುದಾದವು. ಸ್ಟೇಷನರಿ, ಕೊರಿಯರ್, ನೀರು, ಪ್ಯಾಂಟ್ರಿ ಸಾಮಾನು, ಕ್ಯಾಬ್, ಮೀಟಿಂಗ್ ರೂಮ್, ಎಎಂಸಿ ದೂರುಗಳು, ಹಬ್ಬದ ಏರ್ಪಾಡು.

ಮೊದಲ ಸಲ ಒಪ್ಪಿಸುವವರು ಮೂರನೇ ಗುಂಪಿನಿಂದ ಶುರು ಮಾಡಿ. ಆಯುಧಪೂಜೆ ಸಿಕ್ಕರೆ ಅದನ್ನೇ ಕೊಡಿ. ದಿನ ಮೊದಲೇ ಗೊತ್ತು, ಬಜೆಟ್ ಗೊತ್ತು. ಹೂವು, ಬೂದುಗುಂಬಳ, ಪೂಜಾರಿ, ಸ್ವೀಟ್ ಬಾಕ್ಸ್, ಹಿಂದಿನ ದಿನದ ಕ್ಲೀನಿಂಗ್, ಎಲ್ಲದಕ್ಕೂ ಸಣ್ಣ ಸಣ್ಣ ತೀರ್ಮಾನ ಬೇಕು. ಚೂರು ಹೆಚ್ಚುಕಡಿಮೆ ಆದರೆ ಕಂಪನಿಗೆ ದಂಡ ಬೀಳುವುದಿಲ್ಲ. ಚೆನ್ನಾಗಿ ಆದರೆ ಇಡೀ ಆಫೀಸಿಗೆ ಕಾಣುತ್ತದೆ. ಹೊಸದಾಗಿ ಜವಾಬ್ದಾರಿ ಹೊರುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

*ಎಚ್ಚರ:* ನಿಮಗೆ ಬೇಜಾರಾದ ಕೆಲಸಗಳನ್ನೇ ಆರಿಸಿ ದಾಟಿಸಬೇಡಿ. ಜನಕ್ಕೆ ಇದು ಬೇಗ ಗೊತ್ತಾಗುತ್ತದೆ. ನಾಲ್ಕು ಕೊಟ್ಟರೆ ಅದರಲ್ಲಿ ಒಂದಾದರೂ ಅವರು ಹೊಸದಾಗಿ ಏನನ್ನೋ ಕಲಿಯುವಂಥದ್ದಿರಲಿ. ನಿಮ್ಮ ಮನೆಯ ಕರೆಂಟ್ ಬಿಲ್ ಕಟ್ಟಿಸುವುದು, ಮಗುವನ್ನು ಸ್ಕೂಲಿನಿಂದ ಕರೆತರಿಸುವುದು ಯಾವ ಗುಂಪಿಗೂ ಸೇರುವುದಿಲ್ಲ.

ಹಂತ 3: ಯಾರಿಗೆ ಕೊಡುವುದು

ಕೆಲಸ ಚೆನ್ನಾಗಿ ಮಾಡುವ ಒಬ್ಬರಿಗೇ ಎಲ್ಲ ಕೊಡುವುದು ಅತಿ ಸುಲಭದ ದಾರಿ, ಅತಿ ಕೆಟ್ಟ ದಾರಿ ಕೂಡ. ಆರು ತಿಂಗಳಲ್ಲಿ ಅವರು ಸುಸ್ತಾಗುತ್ತಾರೆ, ಉಳಿದವರು ಏನೂ ಕಲಿತಿರುವುದಿಲ್ಲ. ಅವರು ರಾಜೀನಾಮೆ ಕೊಟ್ಟ ದಿನ ನೀವು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕೊಡುವ ಮುಂಚೆ ಅವರ ಕೈಯಲ್ಲಿ ಈಗ ಏನೇನಿದೆ ಎಂದು ಕೇಳಿ. ‘ಇದನ್ನ ತಗೊಂಡ್ರೆ ಯಾವುದನ್ನ ಬಿಡಬೇಕಾಗುತ್ತೆ?’ ಎಂದೇ ಕೇಳಿ. ನಮ್ಮಲ್ಲಿ ಮೇಲಿನವರಿಗೆ ‘ಆಗಲ್ಲ’ ಅನ್ನುವವರು ಕಡಿಮೆ. ‘ಆಯ್ತು ಸರ್’, ‘ಸರಿ ಮೇಡಂ’ ಅಂದರೆ ಪುರುಸೊತ್ತಿದೆ ಎಂದು ಅರ್ಥವಲ್ಲ. ಆಡಿಟ್ ತಿಂಗಳಲ್ಲಿ ಅಕೌಂಟ್ಸ್‌ನವರಿಗೆ ಹೊಸ ಕೆಲಸ ಬೇಡ. ಏಜೆನ್ಸಿಯಿಂದ ಬರುವ ಹೌಸ್‌ಕೀಪಿಂಗ್‌ನವರಿಗೆ ಒಪ್ಪಂದದಲ್ಲಿಲ್ಲದ ಕೆಲಸ ಕೊಡಬೇಕಿದ್ದರೆ ಮೊದಲು ಏಜೆನ್ಸಿ ಸೂಪರ್‌ವೈಸರ್ ಜೊತೆ ಮಾತಾಡಿ.

ಹಂತ 4: ಗೆರೆ ಎಲ್ಲಿದೆ ಎಂದು ಬರೆದುಕೊಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಕೆಲಸವೊಂದಕ್ಕೆ ಒಂದು ಹಾಳೆ. ಅದರಲ್ಲಿ ಐದು ಸಾಲು: ಕೆಲಸ ಮುಗಿದಾಗ ಏನು ಸಿದ್ಧವಾಗಿರಬೇಕು, ಯಾವತ್ತಿನೊಳಗೆ, ಎಷ್ಟು ದುಡ್ಡಿನವರೆಗೆ ಅವರೇ ತೀರ್ಮಾನಿಸಬಹುದು, ಯಾರ ಸಹಾಯ ಕೇಳಬಹುದು, ಏನಾದರೆ ತಕ್ಷಣ ನಿಮಗೆ ತಿಳಿಸಬೇಕು.

ಆ ಕೆಲಸದಲ್ಲಿ ಬರುವ ತೀರ್ಮಾನಗಳನ್ನು ಹೀಗೆ ವಿಂಗಡಿಸಿ:

ಅ) ಮಾಡಿ, ನನಗೆ ಹೇಳುವುದು ಬೇಡ.
ಆ) ಮಾಡಿ, ಆಮೇಲೆ ತಿಳಿಸಿ.
ಇ) ಮೊದಲು ಕೇಳಿ, ಆಮೇಲೆ ಮಾಡಿ.

ಉದಾಹರಣೆಗೆ ಪೆಟ್ಟಿ ಕ್ಯಾಶ್, ಅಂದರೆ ಸಣ್ಣ ಖರ್ಚಿಗೆಂದು ಆಫೀಸಿನಲ್ಲಿ ಇಟ್ಟುಕೊಳ್ಳುವ ನಗದು. ಇದನ್ನು ರಿಸೆಪ್ಷನ್‌ನವರಿಗೆ ಒಪ್ಪಿಸುತ್ತಿದ್ದೀರಿ ಅಂದುಕೊಳ್ಳಿ. ಹಾಳೆ ಹೀಗಿರಬಹುದು:

‘ಕೈಯಲ್ಲಿ ಯಾವಾಗಲೂ 10,000 ರೂಪಾಯಿ ಲೆಕ್ಕ ಇರಬೇಕು, ನಗದು ಮತ್ತು ವೋಚರ್ (ಖರ್ಚಿನ ಚೀಟಿ) ಸೇರಿ. ಹಾಲು, ಆಟೋ, ಜೆರಾಕ್ಸ್, ಹೂವು, 500 ರೂಪಾಯಿವರೆಗಿನ ಸಾಮಾನು: ನೀವೇ ಕೊಡಿ, ಹೇಳುವುದು ಬೇಡ. 500ರಿಂದ 2,000: ಕೊಟ್ಟು, ಅವತ್ತೇ ಸಂಜೆ ಮೆಸೇಜ್ ಹಾಕಿ. 2,000ಕ್ಕಿಂತ ಜಾಸ್ತಿ: ಮೊದಲು ಕೇಳಿ. ಯಾರಿಗೂ ಕೈಸಾಲ ಕೊಡುವಂತಿಲ್ಲ, ನನಗೂ ಇಲ್ಲ. ಬಿಲ್ ಇಲ್ಲದ ಖರ್ಚಿಗೆ ವೋಚರ್‌ನಲ್ಲಿ ದುಡ್ಡು ಪಡೆದವರ ಸಹಿ ಬೇಕು. ಶುಕ್ರವಾರ ನಾಲ್ಕು ಗಂಟೆಗೆ ಲೆಕ್ಕ ತಾಳೆ.’

ಮೊತ್ತ ನಿಮ್ಮ ಆಫೀಸಿಗೆ ತಕ್ಕ ಹಾಗೆ ಇರಲಿ. ಒಂದು ಮಿತಿ ಮಾತ್ರ ನೆನಪಿರಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಕೆಲವು ವಿನಾಯಿತಿ ಬಿಟ್ಟು, ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವಾಗಿ ಒಪ್ಪುವುದಿಲ್ಲ. ಪೆಟ್ಟಿ ಕ್ಯಾಶ್ ನೋಡುವವರಿಗೆ ಈ ವಿಷಯ ಗೊತ್ತಿರಲೇಬೇಕು. ಹಾಳೆಯಲ್ಲೇ ಬರೆಯಿರಿ.

‘ನನಗೂ ಇಲ್ಲ’ ಎಂಬ ಆ ಎರಡು ಪದವನ್ನು ಬೇಕೆಂದೇ ಸೇರಿಸಿದ್ದೇನೆ. ಮ್ಯಾನೇಜರೇ ಬಂದು ‘ಒಂದ್ ಸಾವಿರ ಕೊಡಿ, ನಾಳೆ ಕೊಡ್ತೀನಿ’ ಅಂದರೆ ಕೆಳಗಿನವರು ಇಲ್ಲ ಅನ್ನುವುದು ಹೇಗೆ? ಕಾಗದದ ಮೇಲೆ ಬರೆದಿದ್ದರೆ ಅವರಿಗೆ ಒಂದು ಆಸರೆ ಇರುತ್ತದೆ.

*ಎಚ್ಚರ:* ‘ಸ್ವಲ್ಪ ನೋಡ್ಕೊಳ್ಳಿ’, ‘ಬೇಗ ಮಾಡಿ’, ‘ನಿಮಗೆ ಗೊತ್ತಲ್ವಾ?’ ಎಂಬ ಮಾತುಗಳಲ್ಲಿ ಕೆಲಸ ಒಪ್ಪಿಸಬೇಡಿ. ‘ಬೇಗ’ ಅಂದರೆ ನಿಮಗೆ ಇವತ್ತು ಸಂಜೆ, ಅವರಿಗೆ ಈ ವಾರ. ‘ಬುಧವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಮೂರು ಕೊಟೇಶನ್ ನನ್ನ ಮೇಲ್‌ನಲ್ಲಿರಬೇಕು’ ಎಂದು ಹೇಳಿ. ಹೇಳಿದ ಮೇಲೆ ‘ಅರ್ಥ ಆಯ್ತಾ?’ ಅನ್ನಬೇಡಿ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ‘ಮೊದಲು ಯಾರಿಗೆ ಫೋನ್ ಮಾಡ್ತೀರಾ?’ ಎಂದು ಕೇಳಿ. ಎಷ್ಟು ಅರ್ಥವಾಗಿದೆ ಎಂಬುದು ಆ ಉತ್ತರದಲ್ಲಿ ಗೊತ್ತಾಗುತ್ತದೆ.

ಹಂತ 5: ತೋರಿಸಿ, ಪಕ್ಕದಲ್ಲಿ ಕೂರಿ, ಎದ್ದು ಹೋಗಿ

ಮೊದಲ ಸಲ ನೀವು ಮಾಡಿ, ಅವರು ನೋಡಲಿ. ಎರಡನೇ ಸಲ ಅವರು ಮಾಡಲಿ, ನೀವು ಪಕ್ಕದಲ್ಲಿರಿ, ಮೌಸ್ ಮುಟ್ಟಬೇಡಿ. ಮೂರನೇ ಸಲ ಅವರೊಬ್ಬರೇ. ತಿಂಗಳಿಗೊಮ್ಮೆ ಬರುವ ಕೆಲಸವಾದರೆ ಇದಕ್ಕೆ ಮೂರು ತಿಂಗಳು ಬೇಕು. ಡೆಡ್‌ಲೈನ್ ಹಿಂದಿನ ದಿನ ಕಲಿಸಲು ಕೂರಬೇಡಿ. ಆಗ ಇಬ್ಬರಿಗೂ ತಾಳ್ಮೆ ಇರುವುದಿಲ್ಲ.

ನೋಡುವಾಗ ಅವರೇ ನೋಟ್ಸ್ ಬರೆಯಲಿ. ಅದನ್ನೇ ಸರಿಮಾಡಿದರೆ ಎಸ್‌ಒಪಿ ಆಗುತ್ತದೆ. ಎಸ್‌ಒಪಿ ಅಂದರೆ ಒಂದು ಕೆಲಸವನ್ನು ಮೊದಲಿನಿಂದ ಕೊನೆವರೆಗೆ ಹೇಗೆ ಮಾಡಬೇಕು ಎಂದು ಬರೆದಿಟ್ಟ ಕ್ರಮ, ಹೊಸಬರು ನೋಡಿದರೂ ಮಾಡಲು ಬರುವಂತಿರಬೇಕು. ಇದನ್ನು ಇಂಗ್ಲಿಷಿನಲ್ಲೇ ಬರೆಸಬೇಕು ಎಂಬ ಹಠ ಬೇಡ. ಕೆಲಸ ಮಾಡುವವರಿಗೆ ಕನ್ನಡ ಸಲೀಸಾದರೆ ಕನ್ನಡದಲ್ಲೇ ಇರಲಿ. ಇಂಗ್ಲಿಷಿನ ಸಂಕೋಚಕ್ಕೆ ಬೇಕಾದ ವಿಷಯವನ್ನೇ ಬರೆಯದೆ ಬಿಡುವವರನ್ನು ತುಂಬ ನೋಡಿದ್ದೇನೆ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಮೇಲೆ ಬಾಣ ಹಾಕಿದರೂ ಸಾಕು.

ಹಂತ 6: ಲಾಗಿನ್ ಕೊಡಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ

ಸಣ್ಣ ಆಫೀಸುಗಳಲ್ಲಿ ಅತಿ ಅಪಾಯದ ಅಭ್ಯಾಸ ಇದು. ಸಮಯ ಉಳಿಯಲಿ ಎಂದು ಮ್ಯಾನೇಜರ್ ತನ್ನ ಯೂಸರ್ ಐಡಿ, ಪಾಸ್‌ವರ್ಡ್ ಬರೆದುಕೊಡುತ್ತಾರೆ. ಓಟಿಪಿ ಬಂದಾಗ ಫೋನಿನಲ್ಲಿ ಓದಿ ಹೇಳುತ್ತಾರೆ. ನಾಳೆ ದುಡ್ಡು ತಪ್ಪು ಖಾತೆಗೆ ಹೋದರೆ, ದಾಖಲೆಯಲ್ಲಿ ಮಾಡಿದವರು ನೀವೇ.

ಬ್ಯಾಂಕಿನಲ್ಲಿ ಕಂಪನಿ ಖಾತೆಗೆ ಮೇಕರ್-ಚೆಕರ್ ವ್ಯವಸ್ಥೆ ಕೇಳಿ. ಒಬ್ಬರು ಪಾವತಿಯ ವಿವರ ತುಂಬುತ್ತಾರೆ, ಅವರು ಮೇಕರ್. ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡುತ್ತಾರೆ, ಅವರು ಚೆಕರ್. ಇಬ್ಬರಿಗೂ ಬೇರೆ ಬೇರೆ ಐಡಿ. ಅಸಿಸ್ಟೆಂಟ್ ಹತ್ತು ಸಪ್ಲೈಯರ್‌ಗಳ ಪಾವತಿ ತುಂಬಿಡಬಹುದು, ನೀವು ಅಥವಾ ಮಾಲೀಕರು ಬಿಲ್ ಜೊತೆ ತಾಳೆ ನೋಡಿ ಒಪ್ಪಿದರೆ ಮುಗಿಯಿತು. ಹಂತ 2ರ ಎರಡನೇ ಗುಂಪಿನ ಕೆಲಸಗಳಿಗೆ ಇದು ಹೇಳಿ ಮಾಡಿಸಿದ್ದು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲೂ ಒಬ್ಬೊಬ್ಬರಿಗೆ ಬೇರೆ ಯೂಸರ್ ಮಾಡಿ, ಯಾರು ಏನನ್ನು ನೋಡಬಹುದು ಎಂದು ಮಿತಿ ಹಾಕಬಹುದು.

ಡಿಎಸ್‌ಸಿ, ಅಂದರೆ ಕಂಪ್ಯೂಟರಿನಲ್ಲಿ ಸಹಿ ಹಾಕಲು ಬಳಸುವ ಪೆನ್‌ಡ್ರೈವ್‌ನಂಥ ಟೋಕನ್, ಯಾರ ಹೆಸರಿನಲ್ಲಿದೆಯೋ ಅವರ ಹತ್ತಿರವೇ ಇರಬೇಕು. ಪಿನ್ ಬರೆದ ಚೀಟಿ ಅಂಟಿಸಿ ಡ್ರಾಯರ್‌ನಲ್ಲಿ ಇಡುವುದು ಎಂದರೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಇಟ್ಟ ಹಾಗೆ.

ಕೆಲಸ ಬಿಟ್ಟು ಹೋದವರ ಲಾಗಿನ್ ಅವತ್ತೇ ಮುಚ್ಚಬೇಕು. ಇದನ್ನೂ ಒಂದು ಕೆಲಸವಾಗಿ ಯಾರಿಗಾದರೂ ಒಪ್ಪಿಸಿ.

ಹಂತ 7: ಎಲ್ಲರಿಗೂ ಹೇಳಿ

ಆಫೀಸಿನ ಗುಂಪಿನಲ್ಲಿ, ಸಪ್ಲೈಯರ್‌ಗಳಿಗೆ, ಒಂದು ಚಿಕ್ಕ ಸಂದೇಶ ಸಾಕು: ‘ಸೋಮವಾರದಿಂದ ಕ್ಯಾಬ್, ಕೊರಿಯರ್, ಸ್ಟೇಷನರಿಯನ್ನು ರಿಸೆಪ್ಷನ್‌ನಲ್ಲಿ ನೋಡಿಕೊಳ್ಳುತ್ತಾರೆ. ದಯವಿಟ್ಟು ಅವರನ್ನೇ ಕೇಳಿ. ಅವರ ತೀರ್ಮಾನವೇ ಕೊನೆ.’ ಹಾಕುವಾಗ ಅವರ ಹೆಸರು ಹಾಕಿ.

ಇದಾದ ಮೇಲೂ ಜನ ನಿಮ್ಮ ಹತ್ತಿರವೇ ಬರುತ್ತಾರೆ. ಹಳೆಯ ಸಹೋದ್ಯೋಗಿ ಬಂದು ‘ಮೇಡಂ, ಅವರು ಕ್ಯಾಬ್ ಇಲ್ಲ ಅಂತಾರೆ, ನೀವ್ ಹೇಳಿ’ ಎನ್ನುತ್ತಾರೆ. ಆಗ ನೀವು ಕ್ಯಾಬ್ ಕೊಟ್ಟುಬಿಟ್ಟರೆ, ಒಪ್ಪಿಸಿದ ಕೆಲಸ ಆ ನಿಮಿಷಕ್ಕೆ ಮುಗಿಯಿತು. ‘ಅದನ್ನ ಅವರೇ ನೋಡ್ತಾರೆ’ ಅಂತ ನಗುತ್ತಲೇ ವಾಪಸ್ ಕಳಿಸಿ. ಅವರ ತೀರ್ಮಾನ ತಪ್ಪು ಅನಿಸಿದರೆ ಆಮೇಲೆ ಇಬ್ಬರೇ ಇದ್ದಾಗ ಮಾತಾಡಿ. ಮೊದಲ ಒಂದು ತಿಂಗಳು ಇದು ನಿಜಕ್ಕೂ ಕಷ್ಟ, ಅದರಲ್ಲೂ ಕೇಳುವವರು ನಿಮಗಿಂತ ಹಿರಿಯರಾಗಿದ್ದರೆ.

ಹಂತ 8: ಹೇಳಿದ ಹೊತ್ತಿಗೆ ನೋಡಿ, ಮಧ್ಯೆ ಇಣುಕಬೇಡಿ

ಗಂಟೆಗೊಮ್ಮೆ ‘ಏನಾಯ್ತು?’ ಎಂದು ಕೇಳಿದರೆ ಅವರಿಗೆ ಕೆಲಸವೂ ಸಾಗುವುದಿಲ್ಲ, ನಂಬಿಕೆಯೂ ಉಳಿಯುವುದಿಲ್ಲ. ವಾರಕ್ಕೊಮ್ಮೆ ಹದಿನೈದು ನಿಮಿಷ ಗೊತ್ತುಮಾಡಿ. ಶೀಟ್ ತೆರೆದು ಯಾವುದು ಮುಗಿದಿದೆ, ಯಾವುದು ನಿಂತಿದೆ, ಯಾಕೆ ಎಂದು ನೋಡಿ. ಪೆಟ್ಟಿ ಕ್ಯಾಶ್‌ನಲ್ಲಿ ಎಲ್ಲ ವೋಚರ್ ನೋಡುವ ಬದಲು ಎಲ್ಲಿಂದಲೋ ನಾಲ್ಕೈದು ತೆಗೆದು ಬಿಲ್ ಜೊತೆ ತಾಳೆ ಮಾಡಿ.

ಸರ್ಕಾರಿ ಪಾವತಿಗಳಿಗೆ ಇನ್ನೊಂದು ನಿಯಮ. ನಿಮ್ಮ ಶೀಟಿನಲ್ಲಿ ಕೊನೆಯ ದಿನವನ್ನು ನಿಜವಾದ ದಿನಕ್ಕಿಂತ ಮೂರು ದಿನ ಮುಂಚೆ ಬರೆಯಿರಿ: ಪಿಎಫ್‌ಗೆ 12, 3ಬಿಗೆ 17. ಕೊನೆಯ ದಿನ ಪೋರ್ಟಲ್ ನಿಧಾನವಾಗುವುದು ಹೊಸದೇನಲ್ಲ. 3ಬಿ ತಡವಾದರೆ ತೆರಿಗೆ ಇರುವ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ, ತೆರಿಗೆ ಇಲ್ಲದ ರಿಟರ್ನ್‌ಗೆ 20 ರೂಪಾಯಿ ಲೇಟ್ ಫೀ ಬೀಳುತ್ತಾ ಹೋಗುತ್ತದೆ. ತಡವಾಗಿ ಕಟ್ಟಿದ ತೆರಿಗೆಗೆ ಬಡ್ಡಿ ಬೇರೆ. ‘ಕಟ್ಟಿದೆ ಸರ್’ ಎಂಬ ಮಾತನ್ನು ಮುಗಿದ ಕೆಲಸ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪಾವತಿಯಾದ ಚಲನ್ ಫೋಲ್ಡರ್‌ನಲ್ಲಿದ್ದರೆ ಮಾತ್ರ ಮುಗಿಯಿತು. ಇದು ಅನುಮಾನ ಅಲ್ಲ, ಎಲ್ಲರಿಗೂ ಒಂದೇ ನಿಯಮ ಎಂದು ಮೊದಲ ದಿನವೇ ಹೇಳಿಬಿಡಿ.

ಈ ಪಾವತಿಗಳಲ್ಲಿ ನೀವು ಕೆಲಸ ಕೊಡುತ್ತಿದ್ದೀರಿ, ಹೊಣೆ ಮಾತ್ರ ನಿಮ್ಮದಾಗಿಯೇ ಉಳಿಯುತ್ತದೆ. ನೋಟಿಸ್ ಬಂದರೆ ‘ಅಸಿಸ್ಟೆಂಟ್ ಮರೆತಳು’ ಎಂದು ಮೇಲಿನವರ ಮುಂದೆ ಹೇಳುವಂತಿಲ್ಲ.

ಹಂತ 9: ತಪ್ಪಾದಾಗ

ತಪ್ಪು ಆಗೇ ಆಗುತ್ತದೆ. ಆಗ ಕೆಲಸವನ್ನು ಕಿತ್ತುಕೊಳ್ಳಬೇಡಿ. ಅವರ ಕೈಯಲ್ಲೇ ಸರಿಮಾಡಿಸಿ. ನಾಲ್ಕು ಜನರ ಮುಂದೆ ಬೈದರೆ ಮುಂದಿನ ಸಲ ತಪ್ಪು ಮುಚ್ಚಿಡಲು ನೀವೇ ಕಲಿಸಿದ ಹಾಗೆ. ಇಬ್ಬರೇ ಕೂತು ಹಂತ 4ರ ಹಾಳೆ ತೆಗೆಯಿರಿ. ಬಹಳ ಸಲ ತಪ್ಪಿನ ಬೇರು ಹಾಳೆಯಲ್ಲೇ ಇರುತ್ತದೆ: ಬರೆಯದೇ ಬಿಟ್ಟ ಒಂದು ಸಾಲು, ಎರಡು ಅರ್ಥ ಬರುವ ಒಂದು ಮಾತು. ಅದನ್ನು ತಿದ್ದಿ.

ದುಡ್ಡಿನ ಲೆಕ್ಕ ಬೇಕೆಂದೇ ಮರೆಮಾಚಿದರೆ ಮಾತು ಬೇರೆ. ಆಗ ಕೆಲಸ ವಾಪಸ್ ತೆಗೆದುಕೊಂಡು ಮೇಲಿನವರಿಗೆ ಬರೆದು ತಿಳಿಸಿ.

ಕೆಲಸ ಚೆನ್ನಾಗಿ ಆದಾಗ ಬಾಸ್‌ಗೆ ಹೋಗುವ ಮೇಲ್‌ನಲ್ಲಿ ಮಾಡಿದವರ ಹೆಸರು ಇರಲಿ. ಹೊಸ ಜವಾಬ್ದಾರಿಗಳನ್ನು ಅವರ ಅಪ್ರೈಸಲ್ ಫಾರ್ಮಿಗೆ ಸೇರಿಸಿ. ಕೆಲಸ ಜಾಸ್ತಿ ಆಗಿ ಅದು ಎಲ್ಲೂ ದಾಖಲಾಗದೇ ಹೋದರೆ, ಮುಂದಿನ ಕೆಲಸ ತೆಗೆದುಕೊಳ್ಳಲು ಅವರು ಹಿಂಜರಿಯುವುದು ನ್ಯಾಯವೇ.

ಹಂತ 10: ಎರಡು ದಿನ ರಜೆ ಹಾಕಿ

ಮೂರು ತಿಂಗಳಾದ ಮೇಲೆ, ಯಾವ ಕೊನೆಯ ದಿನಾಂಕವೂ ಇಲ್ಲದ ವಾರ ನೋಡಿ ಎರಡು ದಿನ ರಜೆ ಹಾಕಿ. 22ರಿಂದ 26ರ ನಡುವೆ ಸಾಮಾನ್ಯವಾಗಿ ಬಿಡುವಿರುತ್ತದೆ. ಫೋನ್ ಆನ್ ಇರಲಿ, ನೀವಾಗಿ ಮಾಡಬೇಡಿ. ಬಂದ ಪ್ರತಿ ಕರೆಯನ್ನೂ ಬರೆದಿಡಿ: ಯಾರು, ಏನು ಕೇಳಿದರು. ವಾಪಸ್ ಬಂದ ದಿನ ಆ ಪಟ್ಟಿ ಹಿಡಿದು ಒಂದೊಂದೇ ಪ್ರಶ್ನೆ ನೋಡಿ. ಕೀ ಎಲ್ಲಿದೆ, ನಂಬರ್ ಯಾವುದು ಎಂಬಂಥವು ಎಸ್‌ಒಪಿಗೆ ಸೇರಬೇಕು. ‘ಕೊಡಲಾ ಬೇಡವಾ’ ಎಂಬಂಥವು ಹಂತ 4ರ ಹಾಳೆಯಲ್ಲಿ ‘ಇ’ಯಿಂದ ‘ಆ’ಗೆ, ‘ಆ’ದಿಂದ ‘ಅ’ಗೆ ಏರಬಹುದೇ ಎಂದು ಅವರನ್ನೇ ಕೇಳಿ. ಅವರು ಸಿದ್ಧ ಅಂದರೆ ಹಾಳೆಯಲ್ಲಿ ತಿದ್ದಿ, ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ.